ಎಂಬೆಡೆಡ್ ಬೋರ್ಡ್‌ಗೆ ರಿಕವರಿ ಪಾರ್ಟಿಶನ್: ಕೆಟ್ಟಾಗ ತಾನೇ ಎದ್ದು ಬರುವ ಹಾಗೆ ಮಾಡುವುದು ಹೇಗೆ

ರಿಕವರಿ ಪಾರ್ಟಿಶನ್ (ಮುಖ್ಯ ಸಿಸ್ಟಮ್ ಕೆಟ್ಟಾಗ ಅದನ್ನು ಸರಿಪಡಿಸುವ ಪುಟ್ಟ ಸಿಸ್ಟಮ್ ಇಡುವ ಡಿಸ್ಕಿನ ಭಾಗ) ಇದೆ, ಒಳಗೆ ಆ ಸಿಸ್ಟಮ್‌ನ ಇಮೇಜೂ ಇದೆ, ಆದರೆ ಬೋರ್ಡ್ ಕೆಟ್ಟ ದಿನ ಅದು ಆ ಕಡೆ ತಿರುಗಿಯೂ ನೋಡಲಿಲ್ಲ. ಈ ಕೆಲಸದಲ್ಲಿ ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. ಜಾಗ ಮಾಡಿ ಇಮೇಜ್ ಬರೆಯುವುದು ಏನೂ ಕಷ್ಟವಲ್ಲ. ಮುಖ್ಯ ಸಿಸ್ಟಮ್ ಸತ್ತಿದೆ ಅಂತ ಬೋರ್ಡ್‌ಗೆ ತಾನಾಗಿಯೇ ಗೊತ್ತಾಗಬೇಕು, ಯಾರೂ ಕೇಬಲ್ ಹಿಡಿದು ಪಕ್ಕದಲ್ಲಿ ಕೂರದೆ ಅದು ರಿಕವರಿಗೆ ಬೀಳಬೇಕು. ಕಷ್ಟ ಇರುವುದು ಅದರಲ್ಲಿ. ಹಾಗಾಗಿ ಇಲ್ಲಿನ ಹಂತಗಳ ಕ್ರಮ ಸ್ವಲ್ಪ ಉಲ್ಟಾ ಅನ್ನಿಸಬಹುದು, ಆದರೂ ಅದನ್ನು ಬದಲಿಸಬೇಡಿ.

ಇಲ್ಲಿ ಹೇಳುವುದು ಲಿನಕ್ಸ್, ಯು-ಬೂಟ್ (ಪವರ್ ಬಂದಾಗ ಓಡಿ ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್) ಮತ್ತು ಇ-ಎಂಎಂಸಿ (ಬೋರ್ಡ್‌ಗೇ ಬೆಸೆದ ಫ್ಲಾಶ್ ಡಿಸ್ಕ್) ಇರುವ ಆರ್ಮ್ ಬೋರ್ಡ್‌ಗಳ ಬಗ್ಗೆ. ಎಸ್‌ಡಿ ಕಾರ್ಡ್‌ಗೂ ಬಹುಪಾಲು ಇದೇ ಆಗುತ್ತದೆ. ರಾ ನ್ಯಾಂಡ್ (ತನ್ನದೇ ಕಂಟ್ರೋಲರ್ ಇಲ್ಲದ ಫ್ಲಾಶ್ ಚಿಪ್) ಇದ್ದರೆ ದಾರಿ ಇದೇ, ಸಲಕರಣೆ ಬೇರೆ. ಅಲ್ಲಿ ಕೆಟ್ಟ ಬ್ಲಾಕ್‌ಗಳು ಇರುವುದೇ ಸಹಜ, ಡಿಡಿ (ಬೈಟ್‌ಗಳನ್ನು ಇದ್ದ ಹಾಗೇ ನಕಲಿಸುವ ಕಮಾಂಡ್) ಹಾಕಿ ಬರೆದರೆ ಕೆಡುತ್ತದೆ, ನ್ಯಾಂಡ್‌ಗೆಂದೇ ಇರುವ ಎಂಟಿಡಿ ಮತ್ತು ಯುಬಿಐ ಟೂಲ್‌ಗಳನ್ನೇ ಬಳಸಬೇಕು.

ಮೊದಲು ಕೈಯಲ್ಲಿ ಇರಬೇಕಾದದ್ದು

ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಬೇಕೇ ಬೇಕು. ಇದಿಲ್ಲದೆ ಶುರು ಮಾಡಲೇಬೇಡಿ, ಏಕೆಂದರೆ ಯು-ಬೂಟ್ ಏನು ಹೇಳುತ್ತಿದೆ ಅಂತ ಕಾಣುವುದು ಅಲ್ಲಿ ಮಾತ್ರ. ಬೋರ್ಡ್‌ನ ಪಿನ್‌ಗಳು ಯಾವ ವೋಲ್ಟೇಜ್‌ನವು ಅಂತ ಮೊದಲು ನೋಡಿ. ಸಾಮಾನ್ಯವಾಗಿ 3.3 ವೋಲ್ಟ್, ಕೆಲವಲ್ಲಿ 1.8. ಇದಕ್ಕೆ 5 ವೋಲ್ಟ್‌ನ ಅಡಾಪ್ಟರ್ ಚುಚ್ಚಿದರೆ ರಿಕವರಿ ಮಾಡಲು ಬೋರ್ಡೇ ಉಳಿಯದೇ ಹೋಗಬಹುದು. ವೇಗ ಹೆಚ್ಚಿನ ಕಡೆ 115200. ರಾಕ್‌ಚಿಪ್ ಬೋರ್ಡ್‌ಗಳಲ್ಲಿ 1500000 ಇರುವುದುಂಟು, ಆಗ 115200ರಲ್ಲೇ ಬಿಟ್ಟರೆ ಪರದೆಯಲ್ಲಿ ಬರೀ ಕಸ ಕಾಣುತ್ತದೆ.

ಸಾಫ್ಟ್‌ವೇರ್ ಕಡೆ: ಪಾರ್ಟಿಶನ್‌ಗೆ ಎಸ್‌ಜಿಡಿಸ್ಕ್, ಇಮೇಜ್ ಕಟ್ಟಲು ಬಿಲ್ಡ್‌ರೂಟ್ ಅಥವಾ ಯಾಕ್ಟೊ, ಎಲ್ಲವನ್ನೂ ಒಂದು ಫಿಟ್ ಇಮೇಜ್ (ಯು-ಬೂಟ್ ಓದುವ ಒಂದೇ ಕಟ್ಟಿನ ಫೈಲ್) ಆಗಿ ಕಟ್ಟಲು ಎಂಕೆಇಮೇಜ್, ಚಿಪ್‌ನ ವಿವರ ಓದಲು ಎಂಎಂಸಿ-ಯುಟಿಲ್ಸ್, ಲಿನಕ್ಸ್‌ನಿಂದ ಯು-ಬೂಟ್‌ನ ವೇರಿಯಬಲ್ ಮುಟ್ಟಲು ಎಫ್‌ಡಬ್ಲ್ಯೂ-ಸೆಟ್‌ಎನ್ವ್. ಕೊನೆಯದನ್ನು ಹಲವರು ಮರೆಯುತ್ತಾರೆ, ಆಮೇಲೆ ಏಳನೇ ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

1. ಬೋರ್ಡ್ ಪೂರ್ತಿ ಸತ್ತರೂ ಎಬ್ಬಿಸುವ ದಾರಿ ಹುಡುಕಿ

ಬೂಟ್‌ಲೋಡರೇ ಅಳಿಸಿಹೋದರೆ ಏನು ಮಾಡುತ್ತೀರಿ? ಹೆಚ್ಚಿನ ಚಿಪ್‌ಗಳ ಒಳಗಿನ ರಾಮ್‌ನಲ್ಲಿ (ಆರ್‌ಓಎಂ, ಓದಲು ಮಾತ್ರ ಆಗುವ ಮೆಮೊರಿ) ಒಂದು ಡೌನ್‌ಲೋಡ್ ಮೋಡ್ ಇರುತ್ತದೆ, ಅದನ್ನು ಅಳಿಸಲು ಯಾರಿಂದಲೂ ಆಗುವುದಿಲ್ಲ. ಐ.ಎಂಎಕ್ಸ್‌ನಲ್ಲಿ ಸೀರಿಯಲ್ ಡೌನ್‌ಲೋಡ್ ಮೋಡ್, ಅದಕ್ಕೆ ಯುಯುಯು ಟೂಲ್. ರಾಕ್‌ಚಿಪ್‌ನಲ್ಲಿ ಮಾಸ್ಕ್‌ರಾಮ್. ಆಲ್‌ವಿನ್ನರ್‌ನಲ್ಲಿ ಫೆಲ್.

ಈ ಮೋಡ್ ಇದೆ ಅಂತ ಓದಿ ಬಿಟ್ಟರೆ ಸಾಲದು. ಜಂಪರ್ ಹಾಕಿ ಅಥವಾ ಬಟನ್ ಒತ್ತಿ, ಯುಎಸ್‌ಬಿ ಕೇಬಲ್ ಚುಚ್ಚಿ, ನಿಮ್ಮ ಕಂಪ್ಯೂಟರ್‌ಗೆ ಆ ಸಾಧನ ಕಾಣಿಸುತ್ತದೆಯೇ ಅಂತ ನೋಡಿ. ಕಂಡರೆ ಈಗಿರುವ ಇ-ಎಂಎಂಸಿಯ ಪೂರ್ತಿ ಪ್ರತಿ ತೆಗೆದಿಡಿ. ಬೂಟ್0, ಬೂಟ್1 ಎಂಬ ಎರಡು ಹಾರ್ಡ್‌ವೇರ್ ಪಾರ್ಟಿಶನ್‌ಗಳು ಮಾಮೂಲಿ ಡಿಸ್ಕಿನ ಪ್ರತಿಯಲ್ಲಿ ಬರುವುದಿಲ್ಲ, ಅವು ಬೇರೆಯೇ ಸಾಧನಗಳಾಗಿ ಕಾಣುತ್ತವೆ. ಅವನ್ನೂ ತೆಗೆದುಕೊಳ್ಳಿ.

2. ಯಾವುದು ಎಲ್ಲಿ ಕೂತಿದೆ ಅಂತ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಡಿಸ್ಕಿನ ಮೊದಲ 16 ಎಂಬಿಯಲ್ಲಿ ಏನೇನಿದೆ ಅಂತ ಬರೆಯಿರಿ. ಬೂಟ್‌ಲೋಡರ್ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ? ಯು-ಬೂಟ್‌ನ ಎನ್ವಿರಾನ್‌ಮೆಂಟ್ (ಅದು ತನ್ನ ವೇರಿಯಬಲ್‌ಗಳನ್ನು ಉಳಿಸುವ ಜಾಗ) ಯಾವ ಆಫ್‌ಸೆಟ್‌ನಲ್ಲಿದೆ, ಅಂದರೆ ಡಿಸ್ಕಿನ ಶುರುವಿನಿಂದ ಎಷ್ಟು ದೂರ, ಎಷ್ಟು ದೊಡ್ಡದು, ಒಂದು ಪ್ರತಿಯೋ ಎರಡೋ? ಇವು ಸಾಮಾನ್ಯವಾಗಿ ಪಾರ್ಟಿಶನ್ ಟೇಬಲ್‌ನಲ್ಲಿ ಕಾಣುವುದಿಲ್ಲ. ಯು-ಬೂಟ್‌ನ ಕಾನ್ಫಿಗ್ ಫೈಲ್‌ನಲ್ಲಿ ಹುಡುಕಿ.

ಇದನ್ನು ಬಿಟ್ಟರೆ ಆಗುವ ತಮಾಷೆ ಕೇಳಿ. ಎನ್ವಿರಾನ್‌ಮೆಂಟ್ ಇರುವ ಜಾಗದ ಮೇಲೆಯೇ ಮೊದಲ ಪಾರ್ಟಿಶನ್ ಕೂರಿಸುತ್ತೀರಿ. ಎಲ್ಲ ಚೆನ್ನಾಗಿ ನಡೆಯುತ್ತದೆ. ಒಂದು ದಿನ ಯು-ಬೂಟ್ ತನ್ನ ವೇರಿಯಬಲ್‌ಗಳನ್ನು ಉಳಿಸುತ್ತದೆ, ಆ ಪಾರ್ಟಿಶನ್‌ನ ಫೈಲ್‌ಸಿಸ್ಟಮ್ ಒಡೆಯುತ್ತದೆ, ಕಾರಣ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಇನ್ನೊಂದು ಡಿಕ್ಕಿ ಜಿಪಿಟಿಯದು, ಅಂದರೆ ಹೊಸ ಬಗೆಯ ಪಾರ್ಟಿಶನ್ ಟೇಬಲ್‌ನದು. 512 ಬೈಟ್ ಸೆಕ್ಟರ್ ಇದ್ದರೆ ಜಿಪಿಟಿ ಡಿಸ್ಕಿನ ಮೊದಲ 34 ಸೆಕ್ಟರ್, ಅಂದರೆ 17 ಕೆಬಿ ಹಿಡಿಯುತ್ತದೆ. ಆಲ್‌ವಿನ್ನರ್ ಚಿಪ್ ತನ್ನ ಬೂಟ್‌ಲೋಡರನ್ನು ಹುಡುಕುವುದು 8 ಕೆಬಿಯಲ್ಲಿ, ಐ.ಎಂಎಕ್ಸ್6 ಹುಡುಕುವುದು 1 ಕೆಬಿಯಲ್ಲಿ. ಎರಡೂ ಜಿಪಿಟಿಯ ಪಟ್ಟಿಯ ನಡುವೆಯೇ ಬೀಳುತ್ತವೆ. ರಾಕ್‌ಚಿಪ್ 32 ಕೆಬಿಯಿಂದ ಶುರು ಮಾಡುವುದರಿಂದ ಅಲ್ಲಿ ಈ ತೊಂದರೆ ಇಲ್ಲ. ಡಿಕ್ಕಿ ಆಗುವ ಕಡೆ ಬೂಟ್‌ಲೋಡರನ್ನು ಬೂಟ್0ಗೆ ಹಾಕುವುದು ಎಲ್ಲಕ್ಕಿಂತ ಚೊಕ್ಕ. ಅದಾಗದಿದ್ದರೆ ಎಸ್‌ಜಿಡಿಸ್ಕ್‌ನಲ್ಲಿ ಪಟ್ಟಿಯನ್ನು ಮುಂದಕ್ಕೆ ಸರಿಸುವ ಆಯ್ಕೆ ಇದೆ, ಅಥವಾ ಹಳೆಯ ಎಂಬಿಆರ್ ಟೇಬಲ್ ಸಾಕು.

3. ರಿಕವರಿ ಇಮೇಜ್ ಕಟ್ಟಿ, ರ‍್ಯಾಮ್‌ನಿಂದಲೇ ಓಡಿಸಿ ನೋಡಿ

ಪಾರ್ಟಿಶನ್ ಇನ್ನೂ ಮುಟ್ಟಿಲ್ಲ, ಗಮನಿಸಿ. ಇಮೇಜ್ ಒಂದನ್ನೇ ಮೊದಲು ಸರಿ ಮಾಡಿಕೊಂಡರೆ ಆಮೇಲೆ ಏನೋ ಕೆಟ್ಟಾಗ ತಪ್ಪು ಎಲ್ಲಿದೆ ಅಂತ ಬೇಗ ಗೊತ್ತಾಗುತ್ತದೆ.

ರಿಕವರಿಗೆ ತನ್ನದೇ ಕರ್ನಲ್ (ಲಿನಕ್ಸ್‌ನ ತಿರುಳು), ತನ್ನದೇ ಡಿವೈಸ್ ಟ್ರೀ (ಬೋರ್ಡ್‌ನಲ್ಲಿ ಏನೇನು ಹಾರ್ಡ್‌ವೇರ್ ಇದೆ ಅಂತ ಕರ್ನಲ್‌ಗೆ ಹೇಳುವ ಫೈಲ್), ಮೆಮೊರಿಯಲ್ಲೇ ಬಿಚ್ಚಿಕೊಳ್ಳುವ ಪುಟ್ಟ ಫೈಲ್‌ಸಿಸ್ಟಮ್ ಆದ ತನ್ನದೇ ಇನಿಟ್‌ರ‍್ಯಾಮ್‌ಎಫ್‌ಎಸ್ ಇರಬೇಕು. ಮುಖ್ಯ ಸಿಸ್ಟಮ್‌ನ ಕರ್ನಲನ್ನೇ ಬಳಸಿ ಕೆಲವು ಎಂಬಿ ಉಳಿಸೋಣ ಅನ್ನಿಸುತ್ತದೆ, ಮಾಡಬೇಡಿ. ಕೆಟ್ಟ ಅಪ್‌ಡೇಟ್ ಮೊದಲು ಕೆಡಿಸುವುದು ಆ ಕರ್ನಲನ್ನೇ ಅಲ್ವಾ? ಎಲ್ಲ ರ‍್ಯಾಮ್‌ನಲ್ಲೇ ಓಡುವುದರಿಂದ ಡಿಸ್ಕಿನ ಉಳಿದೆಲ್ಲ ಪಾರ್ಟಿಶನ್‌ಗಳನ್ನು ಧೈರ್ಯವಾಗಿ ಫಾರ್ಮ್ಯಾಟ್ ಮಾಡಬಹುದು.

ಒಳಗೆ ಜಾಸ್ತಿ ತುಂಬಬೇಡಿ. ಬಿಝಿಬಾಕ್ಸ್ (ಸಾಮಾನ್ಯ ಲಿನಕ್ಸ್ ಕಮಾಂಡ್‌ಗಳ ಪುಟ್ಟ ಕಟ್ಟು), ಪಾರ್ಟಿಶನ್ ಟೂಲ್, ಫಾರ್ಮ್ಯಾಟ್ ಮಾಡುವ ಟೂಲ್, ಎಫ್‌ಡಬ್ಲ್ಯೂ-ಸೆಟ್‌ಎನ್ವ್, ಚೆಕ್‌ಸಮ್ (ಫೈಲ್ ಕೆಟ್ಟಿಲ್ಲ ಅಂತ ತಾಳೆ ನೋಡುವ ಸಂಖ್ಯೆ) ನೋಡುವುದು, ಬೇಕಿದ್ದರೆ ನೆಟ್‌ವರ್ಕ್. ಇಷ್ಟೇ. ಇ-ಎಂಎಂಸಿ ಮತ್ತು ವಾಚ್‌ಡಾಗ್ (ಆಗಾಗ ತಟ್ಟದಿದ್ದರೆ ಬೋರ್ಡನ್ನು ರಿಸೆಟ್ ಮಾಡುವ ಟೈಮರ್) ಡ್ರೈವರ್‌ಗಳನ್ನು ಮಾಡ್ಯೂಲ್ ಆಗಿ ಬಿಡದೆ ಕರ್ನಲ್ ಒಳಗೇ ಸೇರಿಸಿ. ಫಾರ್ಮ್ಯಾಟ್ ಟೂಲ್ ಮುಖ್ಯ ಸಿಸ್ಟಮ್‌ನಲ್ಲಿರುವ ಆವೃತ್ತಿಯೇ ಆಗಿದ್ದರೆ ಒಳ್ಳೆಯದು. ಇ2ಎಫ್‌ಎಸ್‌ಪ್ರಾಗ್ಸ್ (ಎಕ್ಸ್ಟ್4 ಫೈಲ್‌ಸಿಸ್ಟಮ್‌ನ ಟೂಲ್‌ಗಳ ಕಟ್ಟು) 1.47ರಿಂದ ಫಾರ್ಮ್ಯಾಟ್ ಮಾಡುವಾಗ ಕೆಲವು ಹೊಸ ಫೀಚರ್‌ಗಳನ್ನು ತಾನಾಗಿಯೇ ಆನ್ ಮಾಡುತ್ತದೆ, ಹಳೆಯ ಟೂಲ್‌ಗಳು ಆ ಫೈಲ್‌ಸಿಸ್ಟಮ್ ಕಂಡು ಮುಖ ತಿರುಗಿಸುತ್ತವೆ.

ಕರ್ನಲ್, ಡಿವೈಸ್ ಟ್ರೀ, ಇನಿಟ್‌ರ‍್ಯಾಮ್‌ಎಫ್‌ಎಸ್ ಮೂರನ್ನೂ ಒಂದೇ ಫಿಟ್ ಇಮೇಜ್ ಮಾಡಿ, ಪ್ರತಿಯೊಂದಕ್ಕೂ ಹ್ಯಾಶ್ (ಚೆಕ್‌ಸಮ್‌ನಂಥದ್ದೇ ಗುರುತು) ಹಾಕಿ. ಹ್ಯಾಶ್ ತಾಳೆಯಾಗದಿದ್ದರೆ ಯು-ಬೂಟ್ ಅದನ್ನು ಓಡಿಸುವುದಿಲ್ಲ, ಅದೇ ನಮಗೆ ಬೇಕಾದದ್ದು. ಈಗ ನೆಟ್‌ವರ್ಕ್‌ನಿಂದ ಅಥವಾ ಯುಎಸ್‌ಬಿ ಸ್ಟಿಕ್‌ನಿಂದ ಇದನ್ನು ಮೆಮೊರಿಗೆ ಲೋಡ್ ಮಾಡಿ ಬೂಟ್ ಮಾಡಿ.

ಇಲ್ಲಿ ಎಚ್ಚರಿಕೆಯ ಗುರುತು ಒಂದಿದೆ. ಕರ್ನಲ್ ಶುರುವಾಗುತ್ತಿದೆ ಅಂತ ಯು-ಬೂಟ್ ಹೇಳಿ, ಆಮೇಲೆ ಒಂದಕ್ಷರವೂ ಬರದೆ ನಿಂತರೆ, ಲೋಡ್ ವಿಳಾಸಗಳು ಒಂದರ ಮೇಲೊಂದು ಬಿದ್ದಿರುವ ಸಾಧ್ಯತೆ ಹೆಚ್ಚು. ಕುಗ್ಗಿಸಿದ ಕರ್ನಲ್ ಬಿಚ್ಚಿಕೊಳ್ಳುವಾಗ ಡಿವೈಸ್ ಟ್ರೀಯನ್ನೋ ಇನಿಟ್‌ರ‍್ಯಾಮ್‌ಎಫ್‌ಎಸ್‌ನ ಬಾಲವನ್ನೋ ತುಳಿದುಬಿಡುತ್ತದೆ. ವಿಳಾಸಗಳನ್ನು ದೂರ ದೂರ ಇಡಿ.

4. ಈಗ ಪಾರ್ಟಿಶನ್ ಮಾಡಿ

ನಾನು ಇಷ್ಟಪಡುವ ಜೋಡಣೆ ಹೀಗೆ: ಬೂಟ್‌ಲೋಡರ್ ಮತ್ತು ಎನ್ವಿರಾನ್‌ಮೆಂಟ್‌ಗೆ ಮೊದಲ 16 ಎಂಬಿ ಖಾಲಿ ಬಿಡಿ. ನಂತರ 64 ಎಂಬಿಯ ರಿಕವರಿ. ಅದರ ಮುಂದೆ ಕಾರ್ಖಾನೆ ಇಮೇಜ್ (ಮುಖ್ಯ ಸಿಸ್ಟಮ್‌ನ ಮೂಲ ಪ್ರತಿ) ಇಡುವ ಪಾರ್ಟಿಶನ್, ಅದರ ಅಳತೆ ನಿಮ್ಮ ಕುಗ್ಗಿಸಿದ ಸಿಸ್ಟಮ್ ಇಮೇಜಿನ ಎರಡರಷ್ಟು. ಅದಾದ ಮೇಲೆ ಮುಖ್ಯ ಸಿಸ್ಟಮ್, ಕೊನೆಗೆ ಡೇಟಾ. ಇವೆಲ್ಲದರ ಜೊತೆಗೆ ಒಂದು ಪುಟ್ಟ ಪಾರ್ಟಿಶನ್ ಬೋರ್ಡ್‌ನ ಸ್ವಂತ ಮಾಹಿತಿಗೆ: ಮ್ಯಾಕ್ ವಿಳಾಸ, ಸೀರಿಯಲ್ ನಂಬರ್, ಕ್ಯಾಲಿಬ್ರೇಶನ್. ಇದನ್ನು ರಿಸ್ಟೋರ್ ಎಂದಿಗೂ ಮುಟ್ಟಬಾರದು.

ರಿಕವರಿ ಪಾರ್ಟಿಶನ್‌ನಲ್ಲಿ ಫೈಲ್‌ಸಿಸ್ಟಮ್ ಬೇಡ. ಫಿಟ್ ಇಮೇಜನ್ನು ನೇರವಾಗಿ ಮೊದಲ ಸೆಕ್ಟರ್‌ನಿಂದ ಬರೆಯಿರಿ. ಫೈಲ್‌ಸಿಸ್ಟಮ್ ಇಲ್ಲದಿದ್ದರೆ ಯಾರೂ ಅದನ್ನು ಮೌಂಟ್ ಮಾಡಿ ಕೆಡಿಸಲಾರರು. ಕಾರ್ಖಾನೆ ಇಮೇಜ್‌ಗೆ ಸ್ಕ್ವಾಶ್‌ಎಫ್‌ಎಸ್ (ಓದಲು ಮಾತ್ರ ಆಗುವ, ಕುಗ್ಗಿಸಿದ ಫೈಲ್‌ಸಿಸ್ಟಮ್) ಚೆನ್ನ. ಎಕ್ಸ್ಟ್4 ಹಾಕಿ ರೀಡ್-ಓನ್ಲಿ ಮೌಂಟ್ ಮಾಡಿದರೆ ಸಾಕು ಅಂತ ಅಂದುಕೊಳ್ಳಬೇಡಿ. ಜರ್ನಲ್ (ಇನ್ನೂ ಪೂರ್ತಿಯಾಗದ ಬದಲಾವಣೆಗಳ ಟಿಪ್ಪಣಿ) ಬಾಕಿ ಇದ್ದರೆ ರೀಡ್-ಓನ್ಲಿ ಮೌಂಟ್ ಆಗುವಾಗಲೂ ಅದು ಡಿಸ್ಕಿಗೆ ಬರೆಯುತ್ತದೆ.

ಎಲ್ಲ ಪಾರ್ಟಿಶನ್‌ಗಳಿಗೂ ಹೆಸರು ಕೊಡಿ, ಗಡಿಗಳನ್ನು ಕನಿಷ್ಠ 4 ಎಂಬಿಗೆ ಅಲೈನ್ ಮಾಡಿ. ಕರ್ನಲ್‌ಗೆ ರೂಟ್ (ಮುಖ್ಯ ಸಿಸ್ಟಮ್‌ನ ಫೈಲ್‌ಸಿಸ್ಟಮ್) ಎಲ್ಲಿದೆ ಅಂತ ಹೇಳುವಾಗ ಸಾಧನದ ಸಂಖ್ಯೆ ಬಿಟ್ಟು ಪಾರ್ಟ್‌ಯುಯುಐಡಿ (ಆ ಪಾರ್ಟಿಶನ್‌ಗೆ ಮಾತ್ರ ಇರುವ ಗುರುತು) ಕೊಡಿ. ಎಸ್‌ಡಿ ಕಾರ್ಡ್ ಚುಚ್ಚಿದ್ದಾಗ ಎಂಎಂಸಿ0 ಇದ್ದದ್ದು ಎಂಎಂಸಿ1 ಆಗುವುದು ಹೊಸದೇನಲ್ಲ, ರಿಸ್ಟೋರ್ ಸ್ಕ್ರಿಪ್ಟ್ ಆ ದಿನ ಬೇರೆಯವರ ಕಾರ್ಡನ್ನು ಅಳಿಸುತ್ತದೆ.

5. ಬರೆಯಿರಿ, ಓದಿ ಹೋಲಿಸಿ

ಡಿಡಿಯಲ್ಲಿ ಬರೆಯುವಾಗ ಕೊನೆಗೆ ಎಫ್‌ಸಿಂಕ್ (ಬರೆದದ್ದನ್ನೆಲ್ಲ ಡಿಸ್ಕಿಗೆ ತಲುಪಿಸುವುದು) ಆಗುವ ಆಯ್ಕೆ ಕೊಡಿ. ನಂತರ ಅಷ್ಟೇ ಬೈಟ್‌ಗಳನ್ನು ಓದಿ ಚೆಕ್‌ಸಮ್ ಹೋಲಿಸಿ. ಇಲ್ಲಿ ಒಂದು ಮೋಸ ಇದೆ: ಬರೆದ ಕೂಡಲೇ ಓದಿದರೆ ಕರ್ನಲ್ ತನ್ನ ಕ್ಯಾಶ್‌ನಿಂದಲೇ ಕೊಟ್ಟುಬಿಡಬಹುದು, ಚಿಪ್‌ನಲ್ಲಿ ಏನಿದೆ ಅಂತ ಗೊತ್ತೇ ಆಗುವುದಿಲ್ಲ. ಪವರ್ ತೆಗೆದು ಹಾಕಿ, ಆಮೇಲೆ ಓದಿ.

ಈಗ ಯು-ಬೂಟ್‌ನಿಂದ ಇದೇ ಪಾರ್ಟಿಶನ್ ಓದಿ ಕೈಯಾರೆ ಬೂಟ್ ಮಾಡಿ. ಪಾರ್ಟಿಶನ್ ಎಲ್ಲಿ ಶುರುವಾಗುತ್ತದೆ ಅಂತ ಪಾರ್ಟ್ ಕಮಾಂಡ್ ಹೆಸರಿನಿಂದಲೇ ಹುಡುಕಿಕೊಡುತ್ತದೆ, ಸೆಕ್ಟರ್ ನಂಬರನ್ನು ಸ್ಕ್ರಿಪ್ಟ್‌ನಲ್ಲಿ ಬರೆದಿಡಬೇಡಿ. ಎಷ್ಟು ಸೆಕ್ಟರ್ ಓದಬೇಕು ಅನ್ನುವಾಗ ಒಂದು ನೆನಪಿರಲಿ: ಈ ಕಮಾಂಡ್‌ಗಳು ಸಂಖ್ಯೆಗಳನ್ನು ಹೆಕ್ಸ್ (ಹದಿನಾರರ ಲೆಕ್ಕದ ಸಂಖ್ಯೆ) ಅಂತಲೇ ಓದುತ್ತವೆ. 20 ಎಂಬಿ ಇಮೇಜ್ ಅಂದರೆ 40960 ಸೆಕ್ಟರ್, ಹೆಕ್ಸ್‌ನಲ್ಲಿ ಎ000. ನೀವು ಸುಮ್ನೆ 40960 ಅಂತ ಟೈಪ್ ಮಾಡಿದರೆ ಅದು 2,64,544 ಸೆಕ್ಟರ್ ಅಂತ ಅರ್ಥ ಮಾಡಿಕೊಂಡು ಸುಮಾರು 129 ಎಂಬಿ ಓದುತ್ತದೆ. ರ‍್ಯಾಮ್ ಕಡಿಮೆ ಇರುವ ಬೋರ್ಡ್‌ನಲ್ಲಿ ಅದು ಯು-ಬೂಟ್‌ನ ತಲೆಯ ಮೇಲೇ ಹೋಗಿ ಕೂರಬಹುದು.

6. ರಿಕವರಿಗೆ ಬೀಳುವ ದಾರಿ ಕಟ್ಟಿ

ಯು-ಬೂಟ್‌ನಲ್ಲಿ ಬೂಟ್‌ಕೌಂಟ್ ಎಂಬ ಸೌಲಭ್ಯ ಇದೆ. ಪ್ರತಿ ಸಲ ಬೋರ್ಡ್ ಎದ್ದಾಗ ಎಣಿಕೆ ಒಂದು ಏರುತ್ತದೆ. ಅದು ಬೂಟ್‌ಲಿಮಿಟ್ ಎಂಬ ಮಿತಿ ದಾಟಿದರೆ ಮುಖ್ಯ ಸಿಸ್ಟಮ್ ಎಬ್ಬಿಸುವ ಮಾಮೂಲಿ ಬೂಟ್‌ಸಿಎಂಡಿ ಬದಲು ಆಲ್ಟ್‌ಬೂಟ್‌ಸಿಎಂಡಿ ಓಡುತ್ತದೆ. ರಿಕವರಿಯನ್ನು ಓಡಿಸುವ ಸ್ಕ್ರಿಪ್ಟ್ ಹಾಕಬೇಕಾದದ್ದು ಇದರಲ್ಲೇ. ಮುಖ್ಯ ಸಿಸ್ಟಮ್ ಚೆನ್ನಾಗಿ ಎದ್ದರೆ ಎಣಿಕೆಯನ್ನು ಸೊನ್ನೆ ಮಾಡುತ್ತದೆ. ಕೇಳಲು ಸುಲಭ, ಆದರೆ ಜನ ಸೋಲುವುದು ಈ ಹಂತದಲ್ಲೇ, ಕಾರಣಗಳೂ ಹಲವು.

ಮೊದಲನೆಯದು, ಎಣಿಕೆ ಏರುವುದೇ ಇಲ್ಲ. ಬೂಟ್‌ಕೌಂಟನ್ನು ಎನ್ವಿರಾನ್‌ಮೆಂಟ್‌ನಲ್ಲಿ ಇಡುವ ಆಯ್ಕೆ ಮಾಡಿದ್ದರೆ, ಅಪ್‌ಗ್ರೇಡ್_ಅವೈಲಬಲ್ ಎಂಬ ವೇರಿಯಬಲ್ 1 ಆಗಿದ್ದಾಗ ಮಾತ್ರ ಯು-ಬೂಟ್ ಅದನ್ನು ಉಳಿಸುತ್ತದೆ. ಅಪ್‌ಡೇಟ್ ಹೊತ್ತಿನಲ್ಲಿ ಮಾತ್ರ ಕಾವಲು ಸಾಕು ಅನ್ನುವವರಿಗೆ ಇದು ಸರಿ. ಯಾವತ್ತೋ ಫೈಲ್‌ಸಿಸ್ಟಮ್ ಒಡೆದರೂ ರಿಕವರಿ ಬರಬೇಕು ಅನ್ನುವವರು ಅದನ್ನು ಯಾವಾಗಲೂ 1 ಇಡಬೇಕು. ಪ್ರತಿ ಬೂಟ್‌ಗೂ ಇ-ಎಂಎಂಸಿಗೆ ಸ್ವಲ್ಪ ಬರೆಯುವುದಾಗುತ್ತದೆ, ದಿನಕ್ಕೆ ಕೆಲವೇ ಸಲ ಎದ್ದೇಳುವ ಬೋರ್ಡ್‌ಗೆ ಅದೊಂದು ಹೊರೆಯಲ್ಲ. ಎನ್ವಿರಾನ್‌ಮೆಂಟ್ ಮಾತ್ರ ಎರಡು ಪ್ರತಿ ಇರಲಿ, ಬರೆಯುವಾಗ ಪವರ್ ಹೋದರೆ ಇನ್ನೊಂದು ಉಳಿಯುತ್ತದೆ.

ಎರಡನೆಯದು, ಎಣಿಕೆಯನ್ನು ಚಿಪ್‌ನ ರಿಜಿಸ್ಟರ್‌ನಲ್ಲಿ ಇಟ್ಟಿರುತ್ತಾರೆ, ಅದು ಪವರ್ ಹೋದರೆ ಅಳಿಯುವಂಥದ್ದು. ಬೋರ್ಡ್ ಏಳದಿದ್ದಾಗ ಬಳಕೆದಾರ ಏನು ಮಾಡುತ್ತಾನೆ? ಪ್ಲಗ್ ಕಿತ್ತು ಮತ್ತೆ ಹಾಕುತ್ತಾನೆ. ಪ್ರತಿ ಸಲವೂ ಎಣಿಕೆ ಒಂದರಿಂದಲೇ ಶುರು, ಮಿತಿ ದಾಟುವುದೇ ಇಲ್ಲ.

ಮೂರನೆಯದು ಎಲ್ಲಕ್ಕಿಂತ ಸಾಮಾನ್ಯ: ಬೋರ್ಡ್ ರೀಬೂಟ್ ಆಗುವುದೇ ಇಲ್ಲ, ಸುಮ್ಮನೆ ನಿಂತುಬಿಡುತ್ತದೆ. ಕರ್ನಲ್ ಪ್ಯಾನಿಕ್ (ಮುಂದೆ ಹೋಗಲಾಗದಂಥ ದೋಷ) ಆದರೆ ಮೂಲ ಸೆಟ್ಟಿಂಗ್‌ನಲ್ಲಿ ಅದು ಹಾಗೇ ನಿಲ್ಲುತ್ತದೆ. ಕರ್ನಲ್ ಕಮಾಂಡ್‌ಲೈನ್‌ನಲ್ಲಿ ಪ್ಯಾನಿಕ್=5 ಹಾಕಿದರೆ ಐದು ಸೆಕೆಂಡ್ ಬಿಟ್ಟು ರೀಬೂಟ್ ಆಗುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಸಾಲಿನಲ್ಲಿ ರೂಟ್‌ವೇಟ್ ಇದ್ದರೆ, ರೂಟ್ ಪಾರ್ಟಿಶನ್ ಕಾಣದಿದ್ದಾಗ ಕರ್ನಲ್ ಪ್ಯಾನಿಕ್ ಆಗುವುದಿಲ್ಲ, ಅದು ಬರುತ್ತದೆ ಅಂತ ಕೊನೆಯಿಲ್ಲದೆ ಕಾಯುತ್ತದೆ. ಪಾರ್ಟಿಶನ್ ಟೇಬಲ್ ಕೆಟ್ಟ ದಿನ ಬೋರ್ಡ್ ಹೀಗೇ ಬಾಗಿಲು ಕಾಯುತ್ತಾ ಕೂತಿರುತ್ತದೆ.

ಅದಕ್ಕೆ ವಾಚ್‌ಡಾಗ್ ಬೇಕು, ಅದನ್ನು ಯು-ಬೂಟ್‌ನಲ್ಲೇ ಶುರು ಮಾಡಬೇಕು. ಆದರೆ ಇಲ್ಲೂ ಒಂದು ಗುಂಡಿ ಇದೆ. ಯು-ಬೂಟ್ ಶುರು ಮಾಡಿದ ವಾಚ್‌ಡಾಗನ್ನು ಲಿನಕ್ಸ್ ಕರ್ನಲ್ ತಾನೇ ವಹಿಸಿಕೊಂಡು, ಯಾವುದಾದರೂ ಪ್ರೋಗ್ರಾಂ ಬಂದು ಅದನ್ನು ತೆರೆಯುವವರೆಗೂ ತಟ್ಟುತ್ತಲೇ ಇರುತ್ತದೆ. ಇನಿಟ್ (ಕರ್ನಲ್ ಮೊದಲು ಓಡಿಸುವ ಪ್ರೋಗ್ರಾಂ) ಎಲ್ಲೋ ಸಿಕ್ಕಿಕೊಂಡಿದ್ದರೂ ಎಲ್ಲ ಸರಿಯಿದೆ ಅಂತ ವಾಚ್‌ಡಾಗ್ ನಂಬುತ್ತದೆ. ವಾಚ್‌ಡಾಗ್‌ನ ಓಪನ್_ಟೈಮ್‌ಔಟ್ ಆಯ್ಕೆಯಲ್ಲಿ 60 ಅಥವಾ 90 ಸೆಕೆಂಡ್ ಕೊಡಿ, ಅಷ್ಟರಲ್ಲಿ ಯಾರೂ ತೆರೆಯದಿದ್ದರೆ ಕರ್ನಲ್ ತಟ್ಟುವುದು ನಿಲ್ಲಿಸುತ್ತದೆ.

ಮಿತಿ ಎಷ್ಟಿರಬೇಕು? ಮೂರು ಇಟ್ಟರೆ, ಪವರ್ ಬಂದು ಹೋಗಿ ಮಾಡುವ ಜಾಗದಲ್ಲಿ ಚೆನ್ನಾಗಿರುವ ಬೋರ್ಡೂ ರಿಕವರಿಗೆ ಹೋಗುತ್ತದೆ. ಐದು ಪರವಾಗಿಲ್ಲ.

ಬಟನ್‌ನಿಂದಲೂ ರಿಕವರಿ ಬೇಕು ಅಂದರೆ ಆ ಪಿನ್‌ಗೆ ಪುಲ್-ಅಪ್ (ಒತ್ತದಿದ್ದಾಗ ಪಿನ್ನನ್ನು ವೋಲ್ಟೇಜ್‌ಗೆ ಎಳೆದು ಹಿಡಿಯುವ ರೆಸಿಸ್ಟರ್) ಇರಲೇಬೇಕು, ಗಾಳಿಯಲ್ಲಿ ತೇಲುವ ಪಿನ್ ತನಗೆ ಬೇಕಾದಾಗ ಒತ್ತಿದ ಹಾಗೆ ನಟಿಸುತ್ತದೆ. ಒಂದೆರಡು ಸೆಕೆಂಡ್ ಅಂತರದಲ್ಲಿ ಎರಡು ಸಲ ಓದಿ, ಎರಡರಲ್ಲೂ ಒತ್ತಿದ್ದರೆ ಮಾತ್ರ ನಂಬಿ.

ಕೊನೆಯದಾಗಿ, ಹೊಸ ಯು-ಬೂಟ್ ಕಟ್ಟಿ ಅದರ ಡೀಫಾಲ್ಟ್ ಎನ್ವಿರಾನ್‌ಮೆಂಟ್‌ನಲ್ಲಿ ಆಲ್ಟ್‌ಬೂಟ್‌ಸಿಎಂಡಿ ಸೇರಿಸಿರುತ್ತೀರಿ, ಬೋರ್ಡ್‌ನಲ್ಲಿ ಅದು ಕಾಣುವುದಿಲ್ಲ. ಇ-ಎಂಎಂಸಿಯಲ್ಲಿ ಮೊದಲೇ ಉಳಿಸಿದ ಹಳೆಯ ಪ್ರತಿ ಇದ್ದರೆ ಯು-ಬೂಟ್ ಅದನ್ನೇ ಓದುತ್ತದೆ. ಪ್ರಾಂಪ್ಟ್‌ನಲ್ಲಿ ಡೀಫಾಲ್ಟ್‌ಗೆ ಮರಳಿಸಿ, ಮತ್ತೆ ಉಳಿಸಿ.

7. ಎಣಿಕೆ ಸೊನ್ನೆ ಮಾಡುವವರು ಯಾರು, ಯಾವಾಗ

ಮುಖ್ಯ ಸಿಸ್ಟಮ್‌ನಿಂದ ಎಫ್‌ಡಬ್ಲ್ಯೂ-ಸೆಟ್‌ಎನ್ವ್ ಬಳಸಿ ಬೂಟ್‌ಕೌಂಟ್ ಸೊನ್ನೆ ಮಾಡಬೇಕು. ಅದರ ಕಾನ್ಫಿಗ್ ಫೈಲ್‌ನಲ್ಲಿ ಸಾಧನ, ಆಫ್‌ಸೆಟ್, ಅಳತೆ ಮೂರೂ ಯು-ಬೂಟ್‌ನ ಜೊತೆ ಅಕ್ಷರಶಃ ಹೊಂದಬೇಕು. ಎರಡು ಪ್ರತಿ ಇದ್ದರೆ ಎರಡು ಸಾಲು ಬರೆಯಬೇಕು. ಎರಡು ಪ್ರತಿ ಇರುವಾಗ ಹೆಡರ್‌ನಲ್ಲಿ ಒಂದು ಬೈಟ್ ಜಾಸ್ತಿ ಇರುತ್ತದೆ, ಒಂದೇ ಸಾಲು ಬರೆದರೆ ಸಿಆರ್‌ಸಿ (ಒಂದು ಬಗೆಯ ಚೆಕ್‌ಸಮ್) ತಪ್ಪಾಗುತ್ತದೆ. ಸಿಆರ್‌ಸಿ ಸರಿಯಿಲ್ಲ ಎಂಬ ಎಚ್ಚರಿಕೆ ಕಂಡರೆ ಬರೆಯುವ ಕಮಾಂಡ್ ಕೊಡಲೇಬೇಡಿ. ಮೊದಲು ಓದಿ, ಯು-ಬೂಟ್‌ನಲ್ಲಿ ಕಂಡದ್ದೇ ಇಲ್ಲೂ ಕಾಣಬೇಕು, ಆಮೇಲೆ ಬರೆಯಿರಿ.

ಯಾವಾಗ ಅನ್ನುವುದು ಇನ್ನೂ ಮುಖ್ಯ. ಬೂಟ್ ಶುರುವಾದ ಕೂಡಲೇ ಸೊನ್ನೆ ಮಾಡಿದರೆ, ಶೆಲ್ ಬರುತ್ತದೆ ಆದರೆ ಆ್ಯಪ್ ಬೀಳುತ್ತಲೇ ಇರುತ್ತದೆ, ರಿಕವರಿ ಮಾತ್ರ ಎಂದೂ ಬರುವುದಿಲ್ಲ. ಬೋರ್ಡ್ ಯಾವ ಕೆಲಸಕ್ಕೆ ಇದೆಯೋ ಆ ಪ್ರೋಗ್ರಾಂ ಎದ್ದು, ಒಂದೆರಡು ನಿಮಿಷ ನೆಟ್ಟಗೆ ಓಡಿದ ಮೇಲೆ ಸೊನ್ನೆ ಮಾಡಿ.

8. ರಿಸ್ಟೋರ್ ಸ್ಕ್ರಿಪ್ಟ್ ಬರೆಯಿರಿ

ರಿಸ್ಟೋರ್ ನಡುವೆ ಪವರ್ ಹೋಗುತ್ತದೆ. ಹೋಗಬಹುದು ಅಂತಲ್ಲ, ಹೋಗುತ್ತದೆ ಅಂತಲೇ ಇಟ್ಟುಕೊಂಡು ಬರೆಯಿರಿ. ಕಾರ್ಖಾನೆ ಇಮೇಜಿನ ಚೆಕ್‌ಸಮ್ ಸರಿಯಿದೆಯೇ ಅಂತ ಮೊದಲು ನೋಡಿ, ಇಲ್ಲದಿದ್ದರೆ ಏನನ್ನೂ ಅಳಿಸದೆ ನಿಲ್ಲಿ. ಸರಿಯಿದ್ದರೆ, ಡಿಸ್ಕ್ ಮುಟ್ಟುವ ಮೊದಲು ಎನ್ವಿರಾನ್‌ಮೆಂಟ್‌ನಲ್ಲಿ ಒಂದು ಗುರುತು ಇಡಿ, ರಿಸ್ಟೋರ್ ನಡೆಯುತ್ತಿದೆ ಅಂತ. ಬೂಟ್‌ಸಿಎಂಡಿ ಮೊದಲು ಈ ಗುರುತನ್ನೇ ನೋಡಬೇಕು, ಇದ್ದರೆ ನೇರ ರಿಕವರಿಗೆ ಹೋಗಬೇಕು. ನಂತರ ಫಾರ್ಮ್ಯಾಟ್, ಬರೆಯುವುದು, ಸಿಂಕ್, ಓದಿ ಹೋಲಿಸುವುದು. ಎಲ್ಲ ಮುಗಿದ ಮೇಲೆ ಗುರುತು ತೆಗೆದು ಬೂಟ್‌ಕೌಂಟ್ ಸೊನ್ನೆ ಮಾಡಿ, ಎರಡನ್ನೂ ಒಂದೇ ಬರಹದಲ್ಲಿ. ಎಫ್‌ಡಬ್ಲ್ಯೂ-ಸೆಟ್‌ಎನ್ವ್‌ಗೆ ಒಂದು ಸ್ಕ್ರಿಪ್ಟ್ ಫೈಲ್ ಕೊಟ್ಟರೆ ಹಾಗೆ ಮಾಡುತ್ತದೆ.

ರಿಕವರಿ ಎದ್ದ ತಕ್ಷಣ ಎಣಿಕೆ ಸೊನ್ನೆ ಮಾಡುವ ಸ್ಕ್ರಿಪ್ಟ್‌ಗಳನ್ನು ನೋಡುತ್ತಿರುತ್ತೇವೆ. ಅದರಿಂದ ಬೋರ್ಡ್ ಕೆಟ್ಟ ಸಿಸ್ಟಮ್‌ಗೂ ರಿಕವರಿಗೂ ನಡುವೆ ಸುತ್ತುತ್ತಲೇ ಇರುತ್ತದೆ.

ಕಾರ್ಖಾನೆ ಇಮೇಜ್ ಒಳಗೆ ಎಸ್‌ಎಸ್‌ಎಚ್ ಹೋಸ್ಟ್ ಕೀ, ಮಷೀನ್-ಐಡಿ ಇರಬಾರದು. ಇದ್ದರೆ ರಿಸ್ಟೋರ್ ಆದ ಎಲ್ಲ ಬೋರ್ಡ್‌ಗಳೂ ಒಂದೇ ಗುರುತು ಹೊತ್ತು ತಿರುಗುತ್ತವೆ. ಮೊದಲ ಬೂಟ್‌ನಲ್ಲಿ ಹೊಸದಾಗಿ ಹುಟ್ಟಲಿ. ಡೇಟಾ ಪಾರ್ಟಿಶನ್ ಅಳಿಸಬೇಕೋ ಬೇಡವೋ ಅನ್ನುವುದನ್ನು ಬೇರೆ ಪ್ರಶ್ನೆಯಾಗಿಯೇ ಇಡಿ. ತಾನಾಗಿ ರಿಕವರಿಗೆ ಬಿದ್ದಾಗ ಅಳಿಸದಿರುವುದೇ ವಾಸಿ.

9. ಬೇಕಂತಲೇ ಕೆಡಿಸಿ ನೋಡಿ

ಒಂದೊಂದಾಗಿ ಮಾಡಿ, ಪ್ರತಿ ಸಲ ಸೀರಿಯಲ್ ಲಾಗ್ ಉಳಿಸಿಕೊಳ್ಳಿ. ಮುಖ್ಯ ಕರ್ನಲ್ ಫೈಲ್‌ನ ನಡುವೆ ಒಂದಿಷ್ಟು ಸೊನ್ನೆ ಬರೆಯಿರಿ. ರೂಟ್ ಪಾರ್ಟಿಶನ್ನಿನ ಮೊದಲ ಎಂಬಿ ಅಳಿಸಿ. ಇನಿಟ್‌ನ ಹೆಸರು ಬದಲಿಸಿ. ಆ್ಯಪ್ ಎದ್ದ ಕೂಡಲೇ ಬೀಳುವ ಹಾಗೆ ಮಾಡಿ. ಡೇಟಾ ಪಾರ್ಟಿಶನ್ ಪೂರ್ತಿ ತುಂಬಿಸಿ. ರಿಸ್ಟೋರ್ ನಡೆಯುವಾಗ ಬೇರೆ ಬೇರೆ ಹೊತ್ತಿನಲ್ಲಿ ಪವರ್ ಕೀಳಿ. ಇವುಗಳಲ್ಲಿ ಯಾವುದರಲ್ಲೂ ನೀವು ಕೀಬೋರ್ಡ್ ಮುಟ್ಟುವಂತಿಲ್ಲ.

ರಿಕವರಿ ಇಮೇಜನ್ನೇ ಕೆಡಿಸಿಯೂ ನೋಡಿ. ಹ್ಯಾಶ್ ತಾಳೆಯಾಗದಿದ್ದಾಗ ಆಲ್ಟ್‌ಬೂಟ್‌ಸಿಎಂಡಿ ಯು-ಬೂಟ್ ಪ್ರಾಂಪ್ಟ್‌ಗೆ ಬಂದು ನಿಲ್ಲಬಾರದು, ಮುಖ್ಯ ಸಿಸ್ಟಮ್ ಬೂಟ್ ಮಾಡಲು ಇನ್ನೊಮ್ಮೆ ಪ್ರಯತ್ನಿಸಬೇಕು. ಎಷ್ಟೋ ಸಲ ಅದು ಎದ್ದೇ ಏಳುತ್ತದೆ.

ಎಲ್ಇಡಿ ಒಂದಿದ್ದರೆ ರಿಕವರಿಯಲ್ಲಿ ಅದು ಬೇರೆ ಲಯದಲ್ಲಿ ಮಿನುಗಲಿ. ರಿಸ್ಟೋರ್ ನಡೆಯುತ್ತಿದೆ ಅಂತ ಗೊತ್ತಾಗದೆ ಜನ ಪ್ಲಗ್ ಕೀಳುವುದು ಇದರಿಂದ ಕಡಿಮೆಯಾಗುತ್ತದೆ.

10. ಎಲ್ಲ ಪಾಸಾದ ಮೇಲೆ ಬೀಗ ಹಾಕಿ

ಇ-ಎಂಎಂಸಿಯಲ್ಲಿ ರೈಟ್ ಪ್ರೊಟೆಕ್ಷನ್ ಎರಡು ಬಗೆ ಗೊತ್ತಿದ್ದರೆ ಸಾಕು. ಪವರ್-ಆನ್ ಬಗೆಯದು ಮುಂದಿನ ಸಲ ಪವರ್ ಹೋಗುವವರೆಗೆ ಅಥವಾ ಹಾರ್ಡ್‌ವೇರ್ ರಿಸೆಟ್ ಆಗುವವರೆಗೆ ಇರುತ್ತದೆ, ಯು-ಬೂಟ್ ಪ್ರತಿ ಸಲ ಹಾಕಬೇಕು. ಪರ್ಮನೆಂಟ್ ಬಗೆಯದು ಹಾಕಿದರೆ ಆಯಿತು, ತೆಗೆಯಲು ಆಗುವುದಿಲ್ಲ, ಆ ಚಿಪ್ ಇರುವವರೆಗೂ ಅದೇ. ನನ್ನ ಸಲಹೆ ಪವರ್-ಆನ್. ಇದು ಸೆಕ್ಟರ್ ಲೆಕ್ಕದಲ್ಲಿ ಅನ್ವಯವಾಗುವುದಿಲ್ಲ, ಗುಂಪು ಗುಂಪಾಗಿ ಆಗುತ್ತದೆ, ಗುಂಪಿನ ಅಳತೆ ಚಿಪ್‌ನಿಂದ ಚಿಪ್‌ಗೆ ಬೇರೆ. ಎಂಎಂಸಿ-ಯುಟಿಲ್ಸ್‌ನಲ್ಲಿ ಅಳತೆ ನೋಡಿ, ರಿಕವರಿಯ ಗಡಿ ಅದಕ್ಕೆ ಕೂಡಿಬರದಿದ್ದರೆ ನಾಲ್ಕನೇ ಹಂತಕ್ಕೆ ಹಿಂದಿರುಗಿ ಗಡಿ ಸರಿಪಡಿಸಿ. ಇಲ್ಲವಾದರೆ ಪಕ್ಕದ ಪಾರ್ಟಿಶನ್ನೂ ಅರ್ಧ ಬೀಗದೊಳಗೆ ಸೇರುತ್ತದೆ, ಅಲ್ಲಿ ಬರೆಯುವುದು ಕಾರಣವಿಲ್ಲದೆ ಸೋಲುತ್ತದೆ.

ಬೀಗ ಹಾಕಿದ ಮೇಲೆ ಒಂಬತ್ತನೇ ಹಂತ ಇನ್ನೊಮ್ಮೆ. ಮುಂದೆ ಯು-ಬೂಟ್ ಆವೃತ್ತಿ ಬದಲಿಸಿದಾಗಲೂ ಅಷ್ಟೇ: ಎನ್ವಿರಾನ್‌ಮೆಂಟ್‌ನ ಆಫ್‌ಸೆಟ್ ಹಳೆಯದೇ ಇದೆಯೇ ಅಂತ ಮೊದಲು ನೋಡಿ, ಆಮೇಲೆ ಒಂದು ಬೋರ್ಡ್ ಕೆಡಿಸಿ ಅದು ತಾನಾಗಿ ಎದ್ದ ಮೇಲಷ್ಟೇ ಉಳಿದ ಬೋರ್ಡ್‌ಗಳಿಗೆ ಕಳುಹಿಸಿ.